ದಫ್ತರ ಸೇರಿದ ಸಂಶಯ: ‘ಗುನ್ಹೇಗಾರ ಜಾತಿ’ಗಳ ಕಾಯಿದೆಯ ಚರಿತ್ರೆ

ನೆಲೆನಿಂತು ಬದುಕುವವರಿಗೆ ಅಲೆದು ಬದುಕುವವರ ಮೇಲೆ ಸಂಶಯವಿರುವುದು ಹಳೆಯ ಸಂಗತಿ. ಊರ ಹೊರಗೆ ಗುಡಾರ ಹಾಕಿದವರನ್ನು ಕಂಡು ಬಾಗಿಲ ಅಗಳಿ ಭದ್ರಪಡಿಸುವ ರೂಢಿ ಎಲ್ಲ ನಾಡುಗಳಲ್ಲಿಯೂ ಉಂಟು. ಆದರೆ ಸಂಶಯವು ಮನಸ್ಸಿನಲ್ಲಿಯೇ ಇರುವವರೆಗೆ ಅದು ಕರಗುವ ಸಂಭವವಿರುತ್ತದೆ. ಒಂದು ಸುಗ್ಗಿಯ ಕೊಡುಕೊಳ್ಳುವಿಕೆಯೇ ಅದನ್ನು ಕರಗಿಸಬಹುದು. ಅದೇ ಸಂಶಯವು ಕಾನೂನಿನ ಕಲಮಾಗಿ, ದಫ್ತರದ ನಮೂದಾಗಿ, ನೌಕರನ ದಿನನಿತ್ಯದ ಕರ್ತವ್ಯವಾಗಿ ಮಾರ್ಪಟ್ಟರೆ, ಅದನ್ನು ಮೊದಲು ಪಟ್ಟವರು ತೀರಿಹೋದ ಮೇಲೂ ಅದು ಉಳಿಯುತ್ತದೆ. ಹೀಗೆ ಉಳಿಯುವುದಕ್ಕೆ ದ್ವೇಷದ ಅವಶ್ಯಕತೆಯೂ ಇಲ್ಲ. ದಫ್ತರವನ್ನು ಕ್ರಮವಾಗಿ ಬರೆಯುತ್ತ ಹೋದರೆ ಸಾಕು.

ಇದಕ್ಕೆ ೧೮೭೧ರ ‘ಗುನ್ಹೇಗಾರ ಜಾತಿಗಳ ಕಾಯಿದೆ’ಗಿಂತ ಸ್ಪಷ್ಟವಾದ ನಿದರ್ಶನ ನಮ್ಮ ಈಚಿನ ಚರಿತ್ರೆಯಲ್ಲಿ ವಿರಳ. ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳಿಗೂ ಈ ಕಾಯಿದೆಗೂ ನಿಕಟ ಸಂಬಂಧವಿದ್ದುದರಿಂದ, ಅದರ ಸ್ಥೂಲ ಪರಿಚಯ ನಮ್ಮ ವಾಚಕರಿಗೆ ಅಪ್ರಸ್ತುತವಾಗಲಾರದು.

ಕಾಯಿದೆಯ ಹಿಡಿತಕ್ಕೆ ಸಿಕ್ಕಿದ ಪಂಗಡಗಳಲ್ಲಿ ಹಲವು ಒಂದು ಕಾಲಕ್ಕೆ ನಾಡಿನ ವಾಣಿಜ್ಯಕ್ಕೆ ಅನಿವಾರ್ಯವಾಗಿದ್ದವು. ಕೊರಚ, ಕೊರವರಲ್ಲಿ ಅನೇಕರು ಎತ್ತು ಕತ್ತೆಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ಸಾಗಿಸಿ, ಅಲ್ಲಿಂದ ಧಾನ್ಯವನ್ನು ತರುತ್ತಿದ್ದರು. ಲಂಬಾಣಿಗಳು ಸಾವಿರಾರು ಹೇರೆತ್ತುಗಳೊಡನೆ ಸೈನ್ಯಗಳಿಗೆ ದವಸ ಒದಗಿಸುತ್ತಿದ್ದರು. ೧೭೯೧-೯೨ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯವೂ ಇವರ ಧಾನ್ಯವನ್ನು ಅವಲಂಬಿಸಿತ್ತು. ಮುಂದೆ ರಸ್ತೆಗಳಾದವು, ರೈಲು ಬಂದಿತು. ಉಪ್ಪಿನ ವ್ಯಾಪಾರ ಸರಕಾರದ ಕಟ್ಟುಪಾಡಿಗೆ ಒಳಗಾಯಿತು, ಅರಣ್ಯ ಕಾನೂನುಗಳು ದನಗಳ ಮೇವಿಗೆ ಅಡ್ಡವಾದವು. ಕಸುಬು ಹೋದರೂ ಅಲೆದಾಟ ನಿಲ್ಲಲಿಲ್ಲ. ನಿನ್ನೆಯವರೆಗೆ ವ್ಯಾಪಾರಿಯ ಸಂಚಾರವೆನಿಸಿದ್ದುದು ಈಗ ಕಾರಣವಿಲ್ಲದ ತಿರುಗಾಟವಾಗಿ ಅಧಿಕಾರಿಗಳ ಕಣ್ಣಿಗೆ ಬಿದ್ದಿತು. ಹಸಿವಿನಿಂದ ಕೆಲವರು ಕಳವಿಗೆ ಇಳಿದಿರಲೂಬಹುದು. ಕೆಲವರ ಕೃತ್ಯವನ್ನು ಇಡೀ ಕುಲದ ಸ್ವಭಾವವೆಂದು ಬರೆದಿಟ್ಟುದೇ ಅನರ್ಥಕ್ಕೆ ಮೂಲ.

ಮಸೂದೆಯನ್ನು ಸಮರ್ಥಿಸಿದವರ ವಾದ ಸರಳವಾಗಿತ್ತು. ಈ ದೇಶದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ. ಅಂತೆಯೇ ಕಳ್ಳತನವೂ ಕೆಲವರಿಗೆ ಕುಲಕಸುಬಾಗಿರಲೇಬೇಕು ಎಂಬುದು ಅದರ ತಾತ್ಪರ್ಯ. ಜಾತಿಯ ಕುರಿತು ನಮ್ಮವರಲ್ಲಿದ್ದ ಭಾವನೆಯೂ ವಂಶಪಾರಂಪರ್ಯದ ಕುರಿತು ಅಂದಿನ ಯುರೋಪಿಯನರಲ್ಲಿದ್ದ ಭಾವನೆಯೂ ಇಲ್ಲಿ ಕೈಗೂಡಿದವು. ಯಾವುದೇ ಪಂಗಡವನ್ನು ಗುನ್ಹೇಗಾರ ಜಾತಿಯೆಂದು ಪ್ರಕಟಿಸುವ ಅಧಿಕಾರ ಸರಕಾರಕ್ಕೆ ಬಂದಿತು. ಹಾಗೆ ಪ್ರಕಟವಾದವರ ಹೆಸರುಗಳನ್ನು ದಾಖಲು ಪುಸ್ತಕದಲ್ಲಿ ಬರೆಯಬೇಕು. ಅವರು ನಿಯಮಿತವಾಗಿ ಹಾಜರಿ ಕೊಡಬೇಕು. ಗೊತ್ತುಪಡಿಸಿದ ಎಲ್ಲೆಯನ್ನು ದಾಟಬೇಕಾದರೆ ಪರವಾನಗಿ ಪಡೆಯಬೇಕು. ಎಲ್ಲಕ್ಕಿಂತ ಗಮನಾರ್ಹವಾದುದು ಮತ್ತೊಂದು ಕಲಮು: ಸರಕಾರದ ಈ ಪ್ರಕಟಣೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಕಳವು ಮಾಡಿದನೆಂಬ ಆರೋಪ ಹೊತ್ತ ಒಬ್ಬ ವ್ಯಕ್ತಿಗೆ ವಿಚಾರಣೆಯ ಹಕ್ಕಿತ್ತು. ಕಳ್ಳಜಾತಿಯೆಂಬ ಆರೋಪ ಹೊತ್ತ ಇಡೀ ಪಂಗಡಕ್ಕೆ ಅದು ಇರಲಿಲ್ಲ.

ಮೊದಲು ಉತ್ತರ ಹಿಂದುಸ್ಥಾನಕ್ಕೆ ಸೀಮಿತವಾಗಿದ್ದ ಈ ವ್ಯವಸ್ಥೆಯನ್ನು ೧೯೧೧ರ ಕಾಯಿದೆಯು ಮುಂಬಯಿ, ಮದರಾಸು ಇಲಾಖೆಗಳಿಗೂ ವಿಸ್ತರಿಸಿತು. ೧೯೨೪ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಹೊಸ ಕಾಯಿದೆ ಮಾಡಲಾಯಿತು. ಬೆರಳೊತ್ತು ತೆಗೆದುಕೊಳ್ಳುವುದಕ್ಕೂ, ಇಡೀ ಪಂಗಡವನ್ನು ವಸಾಹತುಗಳಲ್ಲಿ ಕೂಡಿಹಾಕುವುದಕ್ಕೂ, ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸುವುದಕ್ಕೂ ಅವಕಾಶವಿತ್ತು. ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಇಂತಹ ವಸಾಹತುಗಳು ಏರ್ಪಟ್ಟವು. ಹುಬ್ಬಳ್ಳಿ ಗದಗಗಳಲ್ಲಿ ಇಂದಿಗೂ ‘ಸೆಟ್ಲಮೆಂಟ್’ ಎಂಬುದು ಬಡಾವಣೆಯ ಹೆಸರು. ಹೆಸರಿನ ಹಿಂದಿನ ಬೇಲಿ ಅಲ್ಲಿಗೆ ಹೋಗಿಬರುವ ಎಷ್ಟು ಜನರಿಗೆ ನೆನಪಿದೆಯೋ!

ಈ ವಸಾಹತುಗಳನ್ನು ನಡೆಸಿದವರೆಲ್ಲ ಕ್ರೂರಿಗಳೆಂದು ಭಾವಿಸುವುದು ತಪ್ಪಾದೀತು. ಮುಂಬಯಿ ಇಲಾಖೆಯಲ್ಲಿ ಇವುಗಳ ಮೇಲ್ವಿಚಾರಣೆ ನೋಡಿದ ಓ. ಎಚ್. ಬಿ. ಸ್ಟಾರ್ಟ್ ಅವರು ಶಾಲೆ, ಕಸುಬು, ವಸತಿಗಳ ಬಗೆಗೆ ಆಸಕ್ತಿಯಿದ್ದವರು. ದಲಿತ ವರ್ಗಗಳ ಮತ್ತು ಆದಿವಾಸಿಗಳ ಸ್ಥಿತಿಗತಿಯನ್ನು ವಿಚಾರಿಸಿ ೧೯೩೦ರಲ್ಲಿ ವರದಿ ಕೊಟ್ಟ ಸಮಿತಿಗೆ ಅವರೇ ಅಧ್ಯಕ್ಷರು, ಡಾ. ಅಂಬೇಡ್ಕರರು ಅದರ ಸದಸ್ಯರಲ್ಲೊಬ್ಬರು. ಆದರೆ ಸುಧಾರಣೆ ನಡೆದುದು ಬೇಲಿಯ ಒಳಗೆ. ಮೇಲಾಗಿ, ಬೇಲಿಯಿಂದ ಲಾಭ ಪಡೆಯುವವರೂ ಸುತ್ತ ಬೆಳೆದರು. ಸೊಲ್ಲಾಪುರದ ಗಿರಣಿಗಳಿಗೆ ಬಿಟ್ಟುಹೋಗಲಾರದ ಕೂಲಿಗಳು ಸಿಕ್ಕರು. ಮದರಾಸು ಇಲಾಖೆಯಲ್ಲಿ, ಅಂದಿನ ಗುಂಟೂರು ಜಿಲ್ಲೆಯ ಸ್ಟುವರ್ಟ್‌ಪುರದ ವಸಾಹತನ್ನು ಸಾಲ್ವೇಶನ್ ಆರ್ಮಿ ವಹಿಸಿಕೊಂಡಿತು. ಅಲ್ಲಿಯವರು ಚೀರಾಲದ ತಂಬಾಕಿನ ಕಾರಖಾನೆಗೆ ದುಡಿಯಲು ಹೋದರು. ಪೊಲೀಸರಿಗೆ, ಊರಲ್ಲಿ ಕಳವಾದೊಡನೆ ಯಾರನ್ನು ಹಿಡಿಯಬೇಕೆಂಬ ಚಿಂತೆ ತಪ್ಪಿತು. ಒಂದು ತಪ್ಪು ಕಲ್ಪನೆಯನ್ನು ನಂಬಿ ಇಷ್ಟು ಜನರ ಕೆಲಸ ಸಾಗುತ್ತಿರುವಾಗ, ಆ ಕಲ್ಪನೆ ನಿಜವೇ ಎಂದು ಕೇಳುವವರು ಯಾರು?

ಸಂಶಯಕ್ಕೆ ಗುರಿಯಾದವರ ಬದುಕೂ ಕ್ರಮೇಣ ಅದರ ಅಚ್ಚಿಗೆ ಒಗ್ಗುತ್ತದೆ. ಹಾಜರಿಯ ಹೊತ್ತಿಗೆ ತಪ್ಪಿದರೆ ಶಿಕ್ಷೆ; ಶಿಕ್ಷೆಯಾದರೆ ಅದು ಅಪರಾಧಿಯೆಂಬುದಕ್ಕೆ ಪುರಾವೆ; ಪುರಾವೆಯಿದ್ದುದರಿಂದ ಮತ್ತೆ ಹಾಜರಿ. ಬೇಲಿಯೊಳಗೆ ಹುಟ್ಟಿದ ಮಗು ತನ್ನ ಕುಲದ ಕಸುಬನ್ನು ಕಾಣಲಿಲ್ಲ. ಕಂಡುದು ಹಾಜರಿಯ ಕೂಗನ್ನು ಮಾತ್ರ. ಹೆಸರುಗಳೇ ಆರೋಪಗಳಾದುದೂ ಉಂಟು. ಉತ್ತರ ಕರ್ನಾಟಕದ ‘ಗಂಟಿಚೋರ’ ಎಂಬ ಸಮುದಾಯದ ಹೆಸರು ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಹಾಗೆಯೇ ಸೇರಿತು. ಶಾಲೆಯ ವಿದ್ಯಾರ್ಥಿವೇತನಕ್ಕಾಗಿ ಜಾತಿಯ ದಾಖಲೆ ಒಪ್ಪಿಸುವ ಬಾಲಕನು ಚೋರನೆಂಬ ಶಬ್ದವನ್ನೂ ಅದರೊಡನೆ ಒಪ್ಪಿಸಬೇಕು. ಅನ್ಯಾಯದ ಪರಿಹಾರವು ಅನ್ಯಾಯದ ಹೆಸರಿನ ಮೂಲಕವೇ ದೊರೆಯಬೇಕಾದ ವಿಪರ್ಯಾಸವಿದು.

ಸ್ವಾತಂತ್ರ್ಯದ ತರುವಾಯ ೧೯೪೯ರಲ್ಲಿ ನೇಮಕವಾದ ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ಮೇರೆಗೆ, ೧೯೫೨ರ ಆಗಸ್ಟ್ ೩೧ರಂದು ಕಾಯಿದೆ ರದ್ದಾಯಿತು. ಆ ದಿನವನ್ನು ಈ ಸಮುದಾಯಗಳು ವಿಮುಕ್ತಿಯ ದಿನವೆಂದು ಆಚರಿಸುತ್ತವೆ. ಆದರೆ ಕಾಯಿದೆಯ ಜಾಗಕ್ಕೆ ‘ರೂಢಿಗತ ಅಪರಾಧಿ’ಗಳ ಕಾನೂನುಗಳು ಬಂದವು. ಮುಂಬಯಿ ರಾಜ್ಯ ೧೯೫೯ರಲ್ಲಿ, ಕರ್ನಾಟಕ ೧೯೬೧ರಲ್ಲಿ ಇಂತಹ ಕಾನೂನು ಮಾಡಿದವು. ಇವು ಜಾತಿಯನ್ನಲ್ಲ, ವ್ಯಕ್ತಿಯನ್ನು ಕುರಿತವು ಎಂಬುದು ಶಬ್ದಶಃ ನಿಜ. ಆದರೆ ಅವುಗಳನ್ನು ನಡೆಸಬೇಕಾದ ಠಾಣೆಗಳು ಹಳೆಯವೇ, ಸಂಶಯದ ರೂಢಿಯೂ ಹಳೆಯದೇ. ಸೆರೆಮನೆಗಳ ಕೈಪಿಡಿಗಳಲ್ಲಂತೂ ಅಲೆಮಾರಿ ಪಂಗಡಗಳ ಕುರಿತ ಹಳೆಯ ಮಾತುಗಳು ಉಳಿದುಕೊಂಡೇ ಬಂದವು.

೨೦೨೪ರ ಅಕ್ಟೋಬರ್ ೩ರಂದು ಸರ್ವೋಚ್ಚ ನ್ಯಾಯಾಲಯವು ಇಂತಹ ನಿಯಮಗಳನ್ನು ಸಂವಿಧಾನಬಾಹಿರವೆಂದು ಸಾರಿ, ಕೈಪಿಡಿಗಳನ್ನು ತಿದ್ದಲು ರಾಜ್ಯಗಳಿಗೆ ಆಜ್ಞಾಪಿಸಿತು. ಸೆರೆಮನೆಯ ದಾಖಲು ಪುಸ್ತಕಗಳಿಂದ ಜಾತಿಯ ಅಂಕಣವನ್ನೇ ತೆಗೆದುಹಾಕಬೇಕೆಂದೂ ಆ ತೀರ್ಪು ವಿಧಿಸಿತು. ೧೮೭೧ರಿಂದ ಲೆಕ್ಕ ಹಾಕಿದರೆ ನೂರೈವತ್ತಮೂರು ವರ್ಷಗಳ ಮೇಲೆ, ಕಾಯಿದೆ ರದ್ದಾದಂದಿನಿಂದ ಎಪ್ಪತ್ತೆರಡು ವರ್ಷಗಳ ಮೇಲೆ ಬಂದ ಮಾತಿದು.

ಲೆಕ್ಕಪುಸ್ತಕಗಳ ನಡುವೆ ಕೆಲಸ ಮಾಡುವವರೆಲ್ಲರೂ ಬಲ್ಲ ಒಂದು ಸಂಗತಿಯುಂಟು. ಹಿಂದಿನ ಪುಟದ ತಪ್ಪು ಮೊತ್ತವನ್ನು ಮುಂದಿನ ಪುಟಕ್ಕೆ ತಂದರೆ, ಅನಂತರದ ಕೂಡಿಕೆ ಎಷ್ಟೇ ಕರಾರುವಾಕ್ಕಾಗಿದ್ದರೂ ಲೆಕ್ಕ ಸರಿಹೋಗದು. ಹಳೆಯ ಪುಸ್ತಕವನ್ನು ಮುಚ್ಚಿ ಹೊಸದನ್ನು ತೆರೆದರೂ ಆ ಬಾಕಿ ಬಿಡದು. ತಪ್ಪು ಬಿದ್ದ ಪುಟಕ್ಕೇ ಮರಳಿ ಹೋಗಿ ಅದನ್ನು ತಿದ್ದಬೇಕು. ವಿಮುಕ್ತ ಸಮುದಾಯಗಳ ವಿಷಯದಲ್ಲಿ ೧೯೫೨ರಲ್ಲಿ ಆದುದು ಪುಸ್ತಕದ ಬದಲಾವಣೆ. ಠಾಣೆಯ ರೂಢಿಯಲ್ಲಿ, ಪಟ್ಟಿಯ ಹೆಸರಿನಲ್ಲಿ, ನಮ್ಮ ನಿಮ್ಮ ಮಾತಿನಲ್ಲಿ ಆಗಬೇಕಾದ ತಿದ್ದುಪಡಿ ಇನ್ನೂ ಬಾಕಿಯಿದೆ.