ಹಕೀಮರ ಊರಿನಲ್ಲಿ ಶುಶ್ರೂಷಕರ ಸಂಕಟ

ಕಪಿಲೆಯ ದಡದ ನಂಜನಗೂಡಿಗೆ ಚಿಕಿತ್ಸೆಯ ನೆನಪು ಬಹಳ ಹಳೆಯದು. ಟಿಪ್ಪು ಸುಲ್ತಾನರ ಆನೆಯ ಕಣ್ಣುಬೇನೆ ಇಲ್ಲಿ ವಾಸಿಯಾಯಿತೆಂದೂ, ಆ ಕೃತಜ್ಞತೆಯಿಂದ ಸುಲ್ತಾನರು ದೇವಾಲಯಕ್ಕೆ ಪಚ್ಚೆಲಿಂಗವನ್ನು ಅರ್ಪಿಸಿ ಇಲ್ಲಿಯ ದೈವವನ್ನು ‘ಹಕೀಮ್ ನಂಜುಂಡ’ ಎಂದು ಕರೆದರೆಂದೂ ಜನರು ಇಂದಿಗೂ ಹೇಳುತ್ತಾರೆ. ರೋಗ ವಾಸಿಮಾಡುವವರಿಗೆ ಈ ಸೀಮೆ ಎಂತಹ ಗೌರವ ಕೊಟ್ಟಿತ್ತೆಂಬುದು ಆ ಐತಿಹ್ಯದಲ್ಲಿ ಉಳಿದಿದೆ. ಅದೇ ಊರು 2020ರಲ್ಲಿ ವೈದ್ಯಲೋಕದ ಸಂಕಟವನ್ನೂ ಕಂಡಿತು.

ಆ ವರ್ಷದ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಸೋಂಕು ಕಾಣಿಸಿಕೊಂಡಿತು. ಸೋಂಕಿತರನ್ನು ಹುಡುಕುವ, ಪರೀಕ್ಷಿಸುವ, ಲೆಕ್ಕ ಒಪ್ಪಿಸುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಆಗಸ್ಟ್ 20ರಂದು ತಾಲ್ಲೂಕು ಆರೋಗ್ಯಾಧಿಕಾರಿ ಡಾ. ಎಸ್.ಆರ್. ನಾಗೇಂದ್ರ ಆತ್ಮಹತ್ಯೆ ಮಾಡಿಕೊಂಡರು. ಕೆಲಸದ ಒತ್ತಡವೇ ಇದಕ್ಕೆ ಕಾರಣವೆಂದು ಸಹೋದ್ಯೋಗಿ ವೈದ್ಯರು ಮೈಸೂರಿನಲ್ಲಿ ಪ್ರತಿಭಟಿಸಿದರು. ಸರ್ಕಾರ ತನಿಖೆಗೆ ಆದೇಶಿಸಿತು. ಅವರ ಅಂತರಂಗದಲ್ಲಿ ಏನಿತ್ತೆಂಬುದನ್ನು ಅಲ್ಲಾಹನು ಮಾತ್ರ ಬಲ್ಲನು. ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಪಾಠ ಕಲಿಯದಿರುವ ಸ್ವಾತಂತ್ರ್ಯವೂ ನಮಗಿಲ್ಲ.

ಮರುವರ್ಷ ನೆರೆಯ ಚಾಮರಾಜನಗರದ ಸರದಿ. 2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಉಂಟಾಯಿತು. 24 ರೋಗಿಗಳು ಮೃತಪಟ್ಟ ಸುದ್ದಿ ನಾಡನ್ನೇ ನಡುಗಿಸಿತು. ಸಿಲಿಂಡರುಗಳು ಬರಬೇಕಾಗಿದ್ದುದು ಮೈಸೂರಿನಿಂದ. ಮೃತರ ಮನೆಯವರ ದುಃಖಕ್ಕೆ ಸಮನಾದುದಿಲ್ಲ. ಅದರ ಜೊತೆಗೆ, ಆ ವಾರ್ಡುಗಳಲ್ಲಿ ನಿಂತಿದ್ದ ದಾದಿಯರನ್ನೂ ನಾವು ನೆನೆಯಬೇಕು. ಏನು ಮಾಡಬೇಕೆಂದು ಅವರಿಗೆ ತಿಳಿದಿತ್ತು. ಮಾಡಲು ಬೇಕಾದುದು ಮಾತ್ರ ಕೈಯಲ್ಲಿರಲಿಲ್ಲ.

ಸರಿಯಾದುದು ಯಾವುದೆಂದು ಬಲ್ಲವರಿಗೆ ಅದನ್ನು ಮಾಡಲು ವ್ಯವಸ್ಥೆಯೇ ಅಡ್ಡಿಯಾದಾಗ ಹುಟ್ಟುವ ಯಾತನೆಯನ್ನು ಅಮೆರಿಕದ ಚಿಂತಕ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ದಾದಿಯರ ಕುರಿತ ತಮ್ಮ ಗ್ರಂಥದಲ್ಲಿ ‘ನೈತಿಕ ಸಂಕಟ’ ಎಂದು ಗುರುತಿಸಿದರು. ಇದು ಬರಿಯ ದಣಿವಲ್ಲ. ದಣಿವು ನಿದ್ರೆಯಿಂದ ಕಳೆಯುತ್ತದೆ. ‘ನನ್ನ ಕೈಯಲ್ಲೇ ಹೋಯಿತು’ ಎಂಬ ಅಳಲು ನಿದ್ರೆಯನ್ನೇ ಕಳೆಯುತ್ತದೆ.

ಇಸ್ಲಾಮೀ ಇತಿಹಾಸದಲ್ಲಿ ಶುಶ್ರೂಷೆಯ ಸ್ಥಾನ ಮಸೀದಿಗೆ ಹತ್ತಿರದ್ದು. ಹಿಜರಿ 5ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿವರ್ಯರು(ಸ) ಮಸೀದಿಯಲ್ಲಿದ್ದ ರುಫೈದಾ(ರ)ರ ಡೇರೆಗೆ ಸೇರಿಸಿದರೆಂದು ಚರಿತ್ರೆ ಹೇಳುತ್ತದೆ. ಆರೈಕೆ ಮಾಡುವ ಆ ಮಹಿಳೆಗೆ ಬೇಕಾದ ಸ್ಥಳವೂ ಗೌರವವೂ ಸಮುದಾಯದ ನಡುವೆಯೇ ದೊರೆತಿದ್ದವು.

ಹಿಜರಿ 18ರಲ್ಲಿ ಸಿರಿಯಾ ಪ್ರಾಂತದಲ್ಲಿ ಅಮ್ವಾಸ್ ಪ್ಲೇಗ್ ಹಬ್ಬಿದಾಗ ಖಲೀಫಾ ಉಮರ್(ರ) ದಾರಿಯ ನಡುವೆ ತಂಗಿ, ಮುಹಾಜಿರರೊಂದಿಗೂ ಅನ್ಸಾರರೊಂದಿಗೂ ಸಮಾಲೋಚಿಸಿದರು. ಹಿಂದಿರುಗುವ ಕಠಿಣ ನಿರ್ಧಾರದ ಹೊಣೆಯನ್ನು ತಾವೇ ಹೊತ್ತರು. ಇತ್ತ ಸೇನಾಧಿಪತಿ ಅಬೂ ಉಬೈದಾ(ರ) ತಮ್ಮ ಯೋಧರನ್ನು ಬಿಟ್ಟು ಮದೀನಾಕ್ಕೆ ಬರಲೊಪ್ಪದೆ ಅದೇ ರೋಗದಲ್ಲಿ ತೀರಿಕೊಂಡರು. ಮೇಲಿನವರು ನಿರ್ಧಾರದ ಭಾರ ಹೊರುವುದು, ಹೊಣೆಗಾರರು ತಮ್ಮವರ ಜೊತೆ ನಿಲ್ಲುವುದು – ಇವೆರಡೂ ಇರುವಲ್ಲಿ ಕೆಳಗಿನವರು ಒಂಟಿಯಾಗಿ ನರಳಬೇಕಾಗುವುದಿಲ್ಲ. ಪ್ರತಿಯೊಬ್ಬ ನಾಯಕನೂ ತನ್ನ ಅಧೀನದವರ ಕುರಿತು ವಿಚಾರಿಸಲ್ಪಡುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಅಲ್ಲಾಹನು ಯಾರ ಮೇಲೂ ಶಕ್ತಿಗೆ ಮೀರಿದ ಭಾರ ಹೊರಿಸುವುದಿಲ್ಲವೆಂಬುದು ಪವಿತ್ರ ಕುರ್‌ಆನಿನ ಬೋಧನೆ. ಅಲ್ಲಾಹನು ಹೊರಿಸದ ಭಾರವನ್ನು ಒಬ್ಬ ದಾದಿಯ ಮೇಲೆ ನಾವು ಹೊರಿಸುವುದು ಯಾವ ನ್ಯಾಯ?

ಇಲ್ಲಿ ನಮ್ಮ ಆತ್ಮಾವಲೋಕನವೂ ಅಗತ್ಯ. 2020ರ ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಸಾದಿಕ್ ಲೇಔಟಿನಲ್ಲಿ ಮನೆಮನೆ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರನ್ನು ತಡೆದು ನಿಂದಿಸಿದ ಘಟನೆ ನಡೆಯಿತು. ನಮ್ಮ ಸಮುದಾಯದ ಮೇಲೆ ಅಂದು ಅಪಪ್ರಚಾರ ನಡೆದಿದ್ದು ನಿಜ, ಭಯವಿದ್ದುದೂ ನಿಜ. ಆದರೆ ನಮ್ಮ ಆರೋಗ್ಯ ವಿಚಾರಿಸಲು ಬಂದವರಿಗೆ ನೋವು ಕೊಟ್ಟುದಕ್ಕೆ ಅದು ಸಮರ್ಥನೆಯಾಗದು.

ತಿ. ನರಸೀಪುರದ ಆಸ್ಪತ್ರೆಯಲ್ಲಿ ‘ಮೈಸೂರಿಗೆ ಕರೆದೊಯ್ಯಿರಿ’ ಎಂದಾಗ ನಮ್ಮ ಕೋಪ ಮೊದಲು ಎರಗುವುದು ಎದುರಿಗಿರುವ ದಾದಿಯ ಮೇಲೆ. ಹಾಸಿಗೆ ಎಷ್ಟು, ವೈದ್ಯರೆಷ್ಟು, ಯಂತ್ರಗಳೆಷ್ಟು ಎಂಬುದನ್ನು ಆಕೆ ನಿರ್ಧರಿಸಿದವಳಲ್ಲ. ಆ ಪ್ರಶ್ನೆಗಳನ್ನು ಅಧಿಕಾರದಲ್ಲಿರುವವರಿಗೆ ಕೇಳೋಣ. ಆಕೆಗೆ ಒಂದು ಸಲಾಮ್ ಹೇಳೋಣ. ನಮ್ಮ ಮನೆಗಳಲ್ಲೂ ಶುಶ್ರೂಷೆಯ ವೃತ್ತಿ ಹಿಡಿದ ಹೆಣ್ಣುಮಕ್ಕಳಿದ್ದಾರೆ. ರಾತ್ರಿಪಾಳಿ ಮುಗಿಸಿ ಮೌನವಾಗಿ ಕುಳಿತ ಮಗಳಿಗೆ ‘ಈಮಾನ್ ಗಟ್ಟಿಯಿಲ್ಲ’ ಎನ್ನದೆ, ‘ಏನಾಯಿತಮ್ಮಾ?’ ಎಂದು ಕೇಳೋಣ. ಮನಸ್ಸಿನ ಭಾರ ಮಿತಿಮೀರಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಅದಕ್ಕೆ ಕರೆಮಾಡುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ರೋಗಿಯ ಬಳಿ ಎಚ್ಚರವಾಗಿರುವವರ ಎದೆಗೆ ಅಲ್ಲಾಹನು ನೆಮ್ಮದಿ ನೀಡಲಿ. ಅವರ ನೋವನ್ನು ಅರಿಯುವ ಹೃದಯವನ್ನು ನಮಗೆ ದಯಪಾಲಿಸಲಿ. ಆಮೀನ್.