ಚುಕ್ಕೆಯ ಹೆಸರು, ಹುರುಪೆಯ ಸಾಕ್ಷಿ: ನೊರೋನ್ಯಾ ಹಾವುರಾಣಿಯ ವರ್ಗೀಕರಣದ ಇತಿಹಾಸ

ಬ್ರೆಜಿಲ್‌ನ ಈಶಾನ್ಯ ಕರಾವಳಿಯಿಂದ ಸುಮಾರು 350 ಕಿ.ಮೀ. ಆಚೆ, ಅಟ್ಲಾಂಟಿಕ್‌ ಸಾಗರದಲ್ಲಿರುವ ಫರ್ನಾಂಡೊ ಡಿ ನೊರೋನ್ಯಾದಲ್ಲಿ ಹಾವುರಾಣಿಯನ್ನು ಗುರುತಿಸಲು ಪಂಡಿತರು ಬೇಕಿಲ್ಲ. ಅಲ್ಲಿರುವುದು ಒಂದೇ ಪ್ರಭೇದ: ಕಂದು ಮೈ, ಅದರ ಮೇಲೆ ತಿಳಿ ಮತ್ತು ಕಪ್ಪು ಚುಕ್ಕೆಗಳು. ಮುಲುಂಗು ಮರ ಹತ್ತಿ ಹೂವಿನ ಮಕರಂದ ನೆಕ್ಕುವುದೂ ಉಂಟು. (ಮುಲುಂಗು ನಮ್ಮ ಹಾಲವಾಣದ ಕುಲಕ್ಕೇ ಸೇರಿದ ಮರ.) ತೊಡಕು ಹುಟ್ಟಿದ್ದು ದ್ವೀಪದಲ್ಲಲ್ಲ, ಲಂಡನ್ನಿನ ಮ್ಯೂಸಿಯಂನಲ್ಲಿ.

ಅಮೆರಿಗೊ ವೆಸ್ಪುಚಿಯದೆನ್ನಲಾದ 1503ರ ಯಾನದ ವೃತ್ತಾಂತ ಈ ದ್ವೀಪದ ಎರಡು ಬಾಲದ ಹಲ್ಲಿಗಳನ್ನು ಹೆಸರಿಸುತ್ತದೆ. ಬಾಲ ಪೂರ್ತಿ ಕಳಚದೆ ಮುರಿದರೆ ಪಕ್ಕದಲ್ಲಿ ಇನ್ನೊಂದು ಚಿಗುರುವುದುಂಟು. ಆದ್ದರಿಂದ ಅದನ್ನು ಬರಿಯ ಕಟ್ಟುಕತೆ ಎನ್ನಲಾಗದು. ವೈಜ್ಞಾನಿಕ ನಾಮಕರಣಕ್ಕೆ ಮಾತ್ರ 1839ರವರೆಗೆ ಕಾಯಬೇಕಾಯಿತು. ಚಾಂಟಿಕ್ಲೀರ್ ಹಡಗು ತಂದಿದ್ದ ಎರಡು ಮಾದರಿಗಳನ್ನು ನೋಡಿ ಪ್ರಾಣಿವಿಜ್ಞಾನಿ ಜಾನ್ ಎಡ್ವರ್ಡ್ ಗ್ರೇ ದ್ವೀಪದ ಹಾವುರಾಣಿಯನ್ನು ಟಿಲಿಕ್ವಾ ಪಂಕ್ಟಾಟಾ, ಎಂದರೆ ಚುಕ್ಕೆಯದು, ಎಂದು ಕರೆದ. ಗಯಾನಾದ್ದೆಂದು ದಾಖಲಾಗಿದ್ದ ಇನ್ನೊಂದು ಹಾವುರಾಣಿಗೆ ಮ್ಯಾಕುಲಾಟಾ ಎಂಬ ಹೆಸರಿಟ್ಟ. ಅದರ ಅರ್ಥವೂ ಮಚ್ಚೆಯುಳ್ಳದ್ದು ಎಂದೇ. 1887ರಲ್ಲಿ ಜಾರ್ಜ್ ಬೂಲೆಂಜರ್ ಇವೆರಡೂ ಒಂದೇ ಎಂದು ತೀರ್ಮಾನಿಸಿ ಮಬುಯಾ ಕುಲಕ್ಕೆ ಸೇರಿಸಿದ.

ಹೆಸರಿನ ಜಗಳಕ್ಕೆ ಕಾರಣ ಭಾರತದ ಹಾವುರಾಣಿ. ಲಿನೇಯಸ್ 1758ರಲ್ಲೇ ಲಾಸೆರ್ಟಾ ಪಂಕ್ಟಾಟಾ ಎಂದಿದ್ದ ಪ್ರಾಣಿ ನಮ್ಮಲ್ಲಿಯೂ ತರಗೆಲೆಯಡಿ ಸರಿದಾಡುವ, ಸಣ್ಣ ಕಾಲಿನ ಹಾವುರಾಣಿಯೇ. ಹೆಸರುಗಳು ಡಿಕ್ಕಿ ಹೊಡೆದರೆ ಹಳೆಯದಕ್ಕೇ ಹಕ್ಕು. ಹಾಗಾಗಿ ಕಾರ್ಲ್ ಪ್ಯಾಟರ್ಸನ್ ಶ್ಮಿಟ್ 1945ರಲ್ಲಿ ದ್ವೀಪದ ಪ್ರಾಣಿಗೆ ಮಬುಯಾ ಅಟ್ಲಾಂಟಿಕಾ ಎಂದು ಹೊಸ ಹೆಸರಿಟ್ಟ. ಆದರೂ ಹಳೆಯ ಹೆಸರಿನ ಬಳಕೆ ನಿಲ್ಲಲಿಲ್ಲ.

ಸಂಶೋಧಕರಾದ ಮೌಸ್‌ಫೆಲ್ಡ್ ಮತ್ತು ವ್ರ್ಸಿಬ್ರಾಡಿಕ್ ಗ್ರೇಯ ಮೂಲ ಮಾದರಿಗಳನ್ನು ಮತ್ತೆ ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಅವರು ನೆಚ್ಚಿದ್ದು ಚುಕ್ಕೆಗಳನ್ನಲ್ಲ. ಹುರುಪೆಗಳ ಸಂಖ್ಯೆ, ಹುರುಪೆಯ ಮೇಲಿನ ಏಣುಗಳು, ಬೆರಳಡಿಯ ಪಟ್ಟಿಗಳು. ಈ ಎಣಿಕೆಯಲ್ಲಿ ಪಂಕ್ಟಾಟಾ, ಮ್ಯಾಕುಲಾಟಾ ಬೇರೆ ಬೇರೆಯಾದವು. ಬೂಲೆಂಜರನ ಒಂದು ತೀರ್ಪು ನೂರು ವರ್ಷಕ್ಕೂ ಮೀರಿ ನಿಂತದ್ದು ಅದು ಸರಿಯಾಗಿದ್ದುದರಿಂದಲ್ಲ, ಜಾಡಿಯ ಮುಚ್ಚಳ ತೆರೆದು ನೋಡುವವರಿಲ್ಲದ್ದರಿಂದ ಎಂದು ನನಗನ್ನಿಸುತ್ತದೆ.

ಅದೇ ವರ್ಷದ ಡಿಎನ್ಎ ಅಧ್ಯಯನ ಇನ್ನೂ ದೊಡ್ಡ ಅಚ್ಚರಿ ತಂದಿತು. ಪಕ್ಕದ ದಕ್ಷಿಣ ಅಮೆರಿಕದ ಹಾವುರಾಣಿಗಳಿಗಿಂತ ಸಾಗರದಾಚೆಯ ಆಫ್ರಿಕಾದವೇ ದ್ವೀಪದ ಹಾವುರಾಣಿಗೆ ಹತ್ತಿರದ ನೆಂಟರು. ಪಶ್ಚಿಮಕ್ಕೆ ಹರಿಯುವ ಪ್ರವಾಹದಲ್ಲಿ ಗಿಡಗಂಟಿಗಳ ಮೇಲೆ ತೇಲಿ ಇದರ ಪೂರ್ವಜರು ಬಂದಿರಬೇಕೆಂಬ ಊಹೆಯಿದೆ. ಹೀಗಾಗಿ ಮಬುಯಾ ಕುಲ ಒಡೆಯಿತು. ಈ ಪ್ರಭೇದ ಯೂಪ್ರೆಪಿಸ್ ಆಯಿತು. ಆ ಕುಲನಾಮದ ಬಳಕೆಯೂ ತಪ್ಪೆಂದು ಆರನ್ ಬಾವರ್ 2003ರಲ್ಲಿ ತೋರಿಸಿದ ಮೇಲೆ ಟ್ರಾಕಿಲೆಪಿಸ್ ನೆಲೆಯೂರಿತು.

ದ್ವೀಪದ ಹಾವುರಾಣಿ ಈಗ ಟ್ರಾಕಿಲೆಪಿಸ್ ಅಟ್ಲಾಂಟಿಕಾ. ಪಂಕ್ಟಾಟಾ ಎಂಬ ಹೆಸರು ನಮ್ಮ ತರಗೆಲೆಯ ಹಾವುರಾಣಿಯ ಬಳಿಯೇ ಉಳಿದಿದೆ.