ವಾಕ್ಚಿತ್ರದಲ್ಲಿ ನಾದವೂ ಕಥನವೂ

ಚಲಚ್ಚಿತ್ರಕ್ಕೆ ಮಾತು ಬಂದ ದಿನವೇ ಅದಕ್ಕೆ ನಾದದ ಮರ್ಮವೂ ತಿಳಿಯಿತೆಂದು ಭಾವಿಸುವುದು ವಾಡಿಕೆಯಾಗಿದೆ. ಇತಿಹಾಸವನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ಭಾರತದ ವಾಕ್ಚಿತ್ರಗಳಲ್ಲಿ, ಅದರಲ್ಲಿಯೂ ಕನ್ನಡದವುಗಳಲ್ಲಿ, ನಾದವು ಮೊದಲು ನಟನ ಬಾಯಿಗೆ ಕಟ್ಟುಬಿದ್ದಿತ್ತು. ಆ ಕಟ್ಟು ಸಡಿಲಿದ ಮೇಲೆಯೇ ಅದು ಕಥೆಯ ಭಾರವನ್ನು ಹೊರತೊಡಗಿತು.

ಮೂಕಚಿತ್ರಗಳು ಹೆಸರಿಗೆ ಮಾತ್ರ ಮೂಕವಾಗಿದ್ದುವು. ತೆರೆಯ ಬಳಿಯಲ್ಲಿ ಕುಳಿತ ವಾದ್ಯಗಾರರು ಹಾರ್ಮೋನಿಯಂ ತಬಲಗಳನ್ನು ನುಡಿಸುತ್ತಿದ್ದರು. ಆದರೆ ಆ ಸಂಗೀತವು ಚಿತ್ರಕ್ಕೆ ಸೇರಿದುದಲ್ಲ, ಪ್ರದರ್ಶನಮಂದಿರಕ್ಕೆ ಸೇರಿದುದು. ಒಂದೇ ಚಿತ್ರವು ಊರಿಂದೂರಿಗೆ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು.

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ ತೆರೆಕಂಡಿತು. ಅದರಲ್ಲಿ ಏಳು ಹಾಡುಗಳಿದ್ದುವು. ಇರಾನಿಯವರು ಬಳಸಿದ ಯಂತ್ರದಲ್ಲಿ ಚಿತ್ರವೂ ಶಬ್ದವೂ ಒಂದೇ ಫಿಲ್ಮಿನ ಮೇಲೆ ಏಕಕಾಲದಲ್ಲಿ ಮೂಡುತ್ತಿದ್ದುವು. ಶಬ್ದವನ್ನು ತಿದ್ದಬೇಕಾದರೆ ಚಿತ್ರವನ್ನೂ ಕತ್ತರಿಸಬೇಕಾಗಿತ್ತು. ಮೈಕ್ರೊಫೋನನ್ನು ನೋಟಕರಿಗೆ ಕಾಣದಂತೆ ಮರೆಮಾಡಬೇಕು. ನಟನು ಅದರ ಅಳವನ್ನು ಮೀರಿ ಚಲಿಸುವಂತಿಲ್ಲ. ವಾದ್ಯಗಾರರು ಕ್ಯಾಮರದ ಕಣ್ಣಿಗೆ ಬೀಳದೆ, ಆದರೆ ಮೈಕ್ರೊಫೋನಿನ ಸಮೀಪದಲ್ಲಿಯೇ, ಅಡಗಿ ಕುಳಿತು ನುಡಿಸಬೇಕು. ಸ್ಟುಡಿಯೋದ ಪಕ್ಕದಲ್ಲಿ ರೈಲುಗಾಡಿಗಳು ಓಡುತ್ತಿದ್ದುದರಿಂದ ಚಿತ್ರೀಕರಣವು ಬಹುಮಟ್ಟಿಗೆ ರಾತ್ರಿಯ ಹೊತ್ತಿನಲ್ಲಿ ನಡೆಯಿತು. ಲೋಕದ ಸದ್ದನ್ನೆಲ್ಲ ಹೊರಗಟ್ಟಿದ ಹೊರತು ಪಾತ್ರದ ಮಾತು ದಕ್ಕುವಂತಿರಲಿಲ್ಲ. ಹೀಗೆ ಹೊರಗಟ್ಟಿದ ಗಾಳಿ, ಮಳೆ, ಹೆಜ್ಜೆಯ ಸಪ್ಪುಳಗಳೇ ಮುಂದೆ ಕಥನದ ಸಾಮಗ್ರಿಗಳಾದುದು ಬೇರೆಯ ಮಾತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ 1934ರ ಮಾರ್ಚ್ 3ರಂದು ಪ್ರದರ್ಶಿತವಾಯಿತು. ನಿರ್ದೇಶಕರು ವೈ. ವಿ. ರಾಯರು, ಚಿತ್ರೀಕರಣ ನಡೆದುದು ಕೊಲ್ಲಾಪುರದಲ್ಲಿ. ಇಂದ್ರಜಿತುವಾಗಿ ಸುಬ್ಬಯ್ಯನಾಯಿಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾಯರು ಅಭಿನಯಿಸಿದರು. ಸಾಹಿತ್ಯ ಬೆಳ್ಳಾವೆ ನರಹರಿಶಾಸ್ತ್ರಿಗಳದು. ಚಿತ್ರದ ಪ್ರತಿ ಇಂದು ಉಳಿದಿಲ್ಲವಾದುದರಿಂದ ಅದರ ನಾದಸ್ವರೂಪವನ್ನು ಕಿವಿಯಿಂದ ಪರೀಕ್ಷಿಸುವ ಮಾರ್ಗವಿಲ್ಲ. ಅದು ಹುಟ್ಟಿದ ಮನೆಯನ್ನು ನೋಡಿ ಊಹಿಸಬೇಕಾಗಿದೆ. ಆ ಮನೆಯಾದರೋ ನಾಟಕ ಕಂಪನಿ. ನಾಯಿಡು, ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯಲ್ಲಿ ಪಳಗಿದವರು. ಅದೇ ವರ್ಷ ಬಂದ ‘ಭಕ್ತ ಧ್ರುವ’ವೂ ವರದಾಚಾರ್ಯರ ಕಂಪನಿಯ ನಾಟಕವನ್ನೇ ಆಧರಿಸಿತ್ತು. ಕಂಪನಿ ನಾಟಕದಲ್ಲಿ ಶೋಕವಾಗಲಿ ವೀರವಾಗಲಿ ಹಾಡಾಗಿ ನಟನ ಕಂಠದಿಂದಲೇ ಹೊರಡಬೇಕು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುತ್ತಿದ್ದುದನ್ನು ಹಿರಿಯರು ನಗುತ್ತ ಸ್ಮರಿಸುತ್ತಿದ್ದರು. ಇದನ್ನು ಅಭಿರುಚಿಯ ದೋಷವೆಂದು ಹಳಿಯುವುದು ಸುಲಭ. ಆದರೆ ಅಲ್ಲಿ ಹಾಡೇ ಅನುಭವವಾಗಿತ್ತು, ಕಥೆ ಅದಕ್ಕೆ ನೆವವಾಗಿತ್ತು. ಯಂತ್ರದ ನಿರ್ಬಂಧವೂ ರಂಗಭೂಮಿಯ ಸಂಪ್ರದಾಯವೂ ಹೀಗೆ ಒಂದೇ ಕಡೆಗೆ ಎಳೆದುದರಿಂದ, ಆರಂಭದ ವಾಕ್ಚಿತ್ರಗಳಲ್ಲಿ ಹಾಡು ಬಂದಾಗ ಕಥೆ ನಿಂತು ಕೇಳಬೇಕಾಯಿತು.

ಮೊದಲ ಗಂಟು ಬಿಚ್ಚಿದುದು ಕಲ್ಕತ್ತೆಯಲ್ಲಿ. 1935ರಲ್ಲಿ ನ್ಯೂ ಥಿಯೇಟರ್ಸಿನವರು ನಿತಿನ್ ಬೋಸರ ನಿರ್ದೇಶನದಲ್ಲಿ ಬಂಗಾಳಿಯಲ್ಲಿ ‘ಭಾಗ್ಯಚಕ್ರ’ವನ್ನೂ ಹಿಂದಿಯಲ್ಲಿ ‘ಧೂಪ್ ಛಾಂವ್’ ಚಿತ್ರವನ್ನೂ ತಯಾರಿಸಿದಾಗ, ಹಾಡನ್ನು ಮೊದಲೇ ಮುದ್ರಿಸಿ ಅದಕ್ಕೆ ತಕ್ಕಂತೆ ಅಭಿನಯಿಸುವ ಪದ್ಧತಿ ಬಳಕೆಗೆ ಬಂದಿತು. ಸಂಗೀತ ರಾಯಚಂದ್ ಬೋರಾಲರದು, ಧ್ವನಿಮುದ್ರಣ ಮುಕುಲ್ ಬೋಸರದು. ಇದರಿಂದ ಕ್ಯಾಮರಕ್ಕೆ ಕಾಲು ಬಂದಿತು. ಹಾಡುವವನು ನಡೆಯಬಹುದು, ಓಡಬಹುದು, ಮುಖ ತಿರುಗಿಸಬಹುದು. ಕನ್ನಡದಲ್ಲಿ ಈ ಬೇರ್ಪಡಿಕೆ ಇನ್ನೊಂದು ಬಗೆಯಲ್ಲಿಯೂ ಕಂಡುಬಂದಿತು. ಕನ್ನಡದ ‘ಸತ್ಯ ಹರಿಶ್ಚಂದ್ರ’ (1943) ಮರುವರ್ಷವೇ ತಮಿಳಿನಲ್ಲಿ ಮಾತನಾಡಿತು. ಭಾರತದ ಒಂದು ಭಾಷೆಯಿಂದ ಇನ್ನೊಂದಕ್ಕೆ ಶಬ್ದಾಂತರಗೊಂಡ ಮೊದಲ ಚಿತ್ರವಿದೆಂದು ಪ್ರಸಿದ್ಧವಾಗಿದೆ. ಮುಖವೊಂದು, ಕಂಠವೊಂದು ಎಂಬುದು ಮುಂದೆ ಎಷ್ಟು ಸಹಜವಾಯಿತೆಂದರೆ, ಸ್ವತಃ ಗಾಯಕರಾದ ರಾಜಕುಮಾರರಿಗೂ ಬಹುಕಾಲ ಪಿ. ಬಿ. ಶ್ರೀನಿವಾಸರ ಕಂಠವೇ ಒದಗಿತು. ರಾಜಕುಮಾರರ ಮುಖಕ್ಕೆ ಅವರದೇ ಕಂಠ ರೂಢಿಯಾಗಿ ಸೇರಿದುದು ‘ಸಂಪತ್ತಿಗೆ ಸವಾಲ್’ (1974) ಚಿತ್ರದಿಂದೀಚೆಗೆ.

ಆದರೆ ಬಾಯಿಂದ ಬಿಡುಗಡೆಯಾದ ಮಾತ್ರಕ್ಕೆ ನಾದವು ಕಥನವಾಗುವುದಿಲ್ಲ. ಕಣ್ಣಿಗೆ ಕಂಡುದನ್ನೇ ಕಿವಿಗೆ ಮತ್ತೊಮ್ಮೆ ಹೇಳಿದರೆ ಅದು ಪುನರುಕ್ತಿ. ಆನಂದವರ್ಧನನು ಕಾವ್ಯದ ಧ್ವನಿಯನ್ನು ವಿವರಿಸುವಾಗ ಗಂಟೆ ಬಾರಿಸಿದ ಮೇಲೆ ಉಳಿಯುವ ಅನುರಣನವನ್ನು ದೃಷ್ಟಾಂತವಾಗಿ ತಂದನು: ಹೇಳಿದುದು ಮುಗಿದ ಮೇಲೆ ಹೊಳೆಯುವ ಅರ್ಥ ಅದು. ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಯಲ್ಲಿ (1955) ಈ ದೃಷ್ಟಾಂತ ಅಕ್ಷರಶಃ ನಿಜವಾದಂತಿದೆ. ದೂರದೂರಿನಿಂದ ಮರಳಿದ ಹರಿಹರನು, ಮಗಳು ದುರ್ಗೆ ತೀರಿಕೊಂಡುದನ್ನು ಅರಿಯದೆ, ಅವಳಿಗಾಗಿ ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ತಾಯಿ ಬಾಯ್ದೆರೆದು ಅಳುತ್ತಾಳೆ. ಆದರೆ ಅವಳ ಅಳು ಕೇಳಿಸುವುದಿಲ್ಲ. ಅದರ ಸ್ಥಾನದಲ್ಲಿ, ಕಮಾನಿನಿಂದ ನುಡಿಸುವ ತಾರ್ ಶಹನಾಯಿಯ ತಾರಸ್ವರ ಏಳುತ್ತದೆ. ಸಂಗೀತ ರವಿಶಂಕರರದು, ರಾಗ ಪಟದೀಪ್. ಅಳುವನ್ನೇ ಕೇಳಿಸಿದ್ದರೆ ಅದು ಒಬ್ಬ ಹೆಂಗಸಿನ ಅಳುವಾಗುತ್ತಿತ್ತು. ನಟಿಯ ಬಾಯಿಂದ ಅವಳ ಧ್ವನಿಯನ್ನೇ ಕಿತ್ತುಕೊಂಡಾಗ ಶೋಕವು ಕರುಣರಸವಾಯಿತು. 1931ರಲ್ಲಿ ಯಾವ ಧ್ವನಿಯನ್ನು ಹಿಡಿಯಲು ರಾತ್ರಿಯೆಲ್ಲ ಎಚ್ಚರವಿದ್ದರೋ, ಅದನ್ನೇ ಬೇಕೆಂದು ಬಿಟ್ಟುಕೊಡುವ ಧೈರ್ಯ ಬರಲು ಇಪ್ಪತ್ತನಾಲ್ಕು ವರ್ಷಗಳು ಹಿಡಿದುವು.

ಕನ್ನಡದಲ್ಲಿ ಈ ಧೈರ್ಯವನ್ನು ತೋರಿದವರಲ್ಲಿ ಬಿ. ವಿ. ಕಾರಂತರು ಮುಖ್ಯರು. ಬಾಲ್ಯದಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿ, ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತವರು ಅವರು. ನಾದವನ್ನು ನಟನ ಕಂಠಕ್ಕೆ ಕಟ್ಟಿದ ಕಂಪನಿಯ ಅಂಗಳದಿಂದಲೇ ಅದನ್ನು ಬಿಡಿಸುವವರೂ ಬಂದರೆಂಬುದು ಗಮನಾರ್ಹ. ‘ಋಷ್ಯಶೃಂಗ’ (1976), ‘ಘಟಶ್ರಾದ್ಧ’ (1977) ಚಿತ್ರಗಳ ಸಂಗೀತಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಆದರೆ ಪ್ರಕೃತ ವಿಚಾರಕ್ಕೆ, ಶಿವರಾಮ ಕಾರಂತರ ಕಾದಂಬರಿಯಿಂದ ಅವರು ನಿರ್ದೇಶಿಸಿದ ‘ಚೋಮನ ದುಡಿ’ಯೇ (1975) ಹೆಚ್ಚಿನ ಸಾಕ್ಷ್ಯ. ಬೇಸಾಯ ಮಾಡಬೇಕೆಂಬ ಚೋಮನ ಆಸೆಗೆ ಜಾತಿಯೂ ಋಣವೂ ಅಡ್ಡ ನಿಂತಿವೆ. ಒಡೆಯನ ಮುಂದೆ ಅವನಿಗೆ ಮಾತು ಬಾರದು. ಆ ಮಾತನ್ನು ದುಡಿ ಆಡುತ್ತದೆ. ಇಲ್ಲಿ ವಾದ್ಯಗಾರನು ಮರೆಯಲ್ಲಿ ಅಡಗಿಲ್ಲ. ವಾದ್ಯ ಪಾತ್ರದ ಕೈಯಲ್ಲಿಯೇ ಇದೆ. ಕೋಪಕ್ಕೂ ಅದೇ ದುಡಿ, ಸಂತೋಷಕ್ಕೂ ಅದೇ ದುಡಿ. ಮಕ್ಕಳನ್ನು ಕಳೆದುಕೊಂಡು, ಮಣ್ಣಿನ ಆಸೆಯನ್ನೂ ಕಳೆದುಕೊಂಡ ಚೋಮನು ಕೊನೆಗೆ ತನ್ನ ಗುಡಿಸಲಿನಲ್ಲಿ ಅದನ್ನು ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ. ಅವನು ಸತ್ತನೆಂದು ಯಾರೂ ಹೇಳಬೇಕಾಗಿಲ್ಲ. ದುಡಿ ನಿಂತಿತೆಂಬುದನ್ನು ಕಿವಿಯೇ ತಿಳಿಸುತ್ತದೆ.